ಪಲ್ಲವಿ ನಿಮ್ಮದು, ಇಂಟರ್‌ಲ್ಯೂಡ್ ಯಾರದು? ಮೆಲೊಡಿ, ರಿಫ್ ಕಟ್ಟಿಕೊಡುವ ಸಾಫ್ಟ್‌ವೇರ್‌ಗಳ ಹೋಲಿಕೆ

ಕಾಸರಗೋಡು ಕಡೆ ಮನೆಯ ಒಂದು ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡವರಿಗೆ ಬರುವ ಕೆಲಸ ಒಂದೇ ಬಗೆಯದಲ್ಲ. ಬ್ರಹ್ಮಕಲಶದ ಸಮಯದಲ್ಲಿ ದೇವಸ್ಥಾನದ ಹಾಡು, ಶಾಲಾ ಕಲೋತ್ಸವದ ಹೊತ್ತಿಗೆ ಸಮೂಹ ನೃತ್ಯದ ಟ್ರ್ಯಾಕು, ನಡುವೆ ಒಂದು ತುಳು ಆಲ್ಬಮ್ಮು, ಮಲಯಾಳದ ಮದುವೆ ವಿಡಿಯೋಕ್ಕೆ ಬಿಜಿಎಂ, ಭಜನಾ ಮಂಡಳಿಯ ವಾರ್ಷಿಕೋತ್ಸವಕ್ಕೆ ನಾಲ್ಕು ದೇವರನಾಮ. ಇವುಗಳಲ್ಲಿ ಹಾಡಿನ ಟ್ಯೂನು ಹೆಚ್ಚಾಗಿ ಬರೆದವರ ಬಾಯಲ್ಲೋ ಹಾಡುವವರ ಬಾಯಲ್ಲೋ ಮೊದಲೇ ಇರುತ್ತದೆ. ಕೈ ಕಟ್ಟಿಹೋಗುವುದು ಬೇರೆ ಜಾಗದಲ್ಲಿ: ಪಲ್ಲವಿ ಮುಗಿದು ಚರಣ ಹಿಡಿಯುವವರೆಗಿನ ಎಂಟು ಬಾರಿನ (ತಾಳದ ಎಂಟು ಸುತ್ತಿನ) ಇಂಟರ್‌ಲ್ಯೂಡು, ಹಾಡು ಯಾವುದೆಂದು ಕೇಳಿದ ಕೂಡಲೇ ಗೊತ್ತಾಗಬೇಕಾದ ಆರಂಭದ ನಾಲ್ಕಾರು ಸ್ವರ, ಚರಣದ ಅಡಿಯಲ್ಲಿ ಓಡಬೇಕಾದ ಬೇಸು. ಕೀಬೋರ್ಡಿನವರು ಮಂಗಳೂರಿನಿಂದ ಬರಬೇಕು, ಅವರಿಗೆ ಈ ವಾರ ಪುರುಸೊತ್ತಿಲ್ಲ. ಸಮಿತಿಯವರಿಗೋ ಹಾಡು ನಾಡಿದ್ದೇ ಬೇಕು.

ಇಂಥ ಹೊತ್ತಿಗೆ ಒದಗುವ ಸಾಫ್ಟ್‌ವೇರ್‌ಗಳು ಈಗ ಬೇಕಾದಷ್ಟಿವೆ. ಯಾವುದು ಒಳ್ಳೆಯದು ಎಂದು ಕೇಳುವವರಿಗೆ ನನ್ನ ಪಕ್ಷ ಯಾವುದೆಂದು ಮೊದಲೇ ಹೇಳಿಬಿಡುತ್ತೇನೆ. ಪಲ್ಲವಿಯ ಟ್ಯೂನನ್ನು ಯಂತ್ರದ ಹತ್ತಿರ ಕೇಳಬೇಡಿ; ಇಂಟರ್‌ಲ್ಯೂಡು, ಬೇಸು, ಹಿಂದೆ ತಿರುತಿರುಗಿ ಬರುವ ರಿಫ್ಫು ಇಷ್ಟನ್ನು ಕೇಳಿ. ಮತ್ತೆ, ಸಿದ್ಧವಾದ ಶಬ್ದ ಕೊಡುವುದಕ್ಕಿಂತ ಸ್ವರ ಮಾತ್ರ ಕೊಡುವುದನ್ನು ಆರಿಸಿ.

ಸ್ವರ ಕೊಡುವವು, ಶಬ್ದ ಕೊಡುವವು

ಮೊದಲ ಜಾತಿಯವು ಕೊಡುವುದು ಮಿಡಿ. ಯಾವ ಸ್ವರ, ಯಾವಾಗ, ಎಷ್ಟು ಹೊತ್ತು, ಎಷ್ಟು ಜೋರಾಗಿ ಎನ್ನುವ ಲೆಕ್ಕ ಮಾತ್ರ ಅದರಲ್ಲಿರುತ್ತದೆ. ಅದನ್ನು ಕೊಳಲಿನಲ್ಲಿ ನುಡಿಸುವುದೋ ಸಿಂಥ್‌ನಲ್ಲೋ ಎಂಬುದು ನಿಮಗೆ ಬಿಟ್ಟದ್ದು. 1983ರಲ್ಲಿ ಬಳಕೆಗೆ ಬಂದ ಈ ವ್ಯವಸ್ಥೆಯ ಮೇಲೆಯೇ ಎಫ್‌ಎಲ್ ಸ್ಟುಡಿಯೋ ಎಂಬ ಹಾಡು ಕಟ್ಟುವ ಸಾಫ್ಟ್‌ವೇರಿನ ರಿಫ್ ಮಶಿನ್, ಅಂಥ ಸಾಫ್ಟ್‌ವೇರಿಗೆ ಸೇರಿಸಿಕೊಳ್ಳುವ ಪ್ಲಗಿನ್‌ಗಳಾದ ಸ್ಕೇಲರ್, ಕ್ಯಾಪ್ಟನ್ ಪ್ಲಗಿನ್ಸ್, ಹಾಡು ಕಟ್ಟುವ ಇನ್ನೊಂದು ಸಾಫ್ಟ್‌ವೇರ್ ಏಬಲ್ಟನ್ ಲೈವ್ 12ರ ಜನರೇಟರ್‌ಗಳು, ಗೂಗಲ್‌ನ ಮಜೆಂಟಾ ಸ್ಟುಡಿಯೋ ಎಲ್ಲ ಇವತ್ತಿಗೂ ನಡೆಯುತ್ತಿವೆ. ಎರಡನೆಯ ಜಾತಿಯವು ಸುನೋ, ಯುಡಿಯೋದಂಥವು. ನಾಲ್ಕು ಮಾತು ಟೈಪ್ ಮಾಡಿದರೆ ವಾದ್ಯ, ಧ್ವನಿ, ಮಿಕ್ಸಿಂಗ್ ಎಲ್ಲ ಸೇರಿದ ಆಡಿಯೋ ಬರುತ್ತದೆ.

ವ್ಯತ್ಯಾಸ ಗೊತ್ತಾಗುವುದು ಹಾಡುವವರು ಬದಲಾದಾಗ. ಟ್ರ್ಯಾಕು ಕಪ್ಪು ಒಂದರಲ್ಲಿ ಮಾಡಿಟ್ಟಿದ್ದೀರಿ, ಅಂದರೆ ಕಂಪ್ಯೂಟರಿನ ಭಾಷೆಯಲ್ಲಿ ಸಿ ಶಾರ್ಪ್. ಹಾಡಬೇಕಾದವರಿಗೆ ಗಂಟಲು ಕಟ್ಟಿತು, ಅವರ ಬದಲಿಗೆ ಬಂದ ಅಕ್ಕ ಬಿಳಿ ಐದರಲ್ಲಿ ಆದರೆ ಮಾತ್ರ ಹಾಡುವುದು ಎನ್ನುತ್ತಾರೆ. ಮಿಡಿಯಾದರೆ ಎಲ್ಲ ಸ್ವರ ಆಯ್ದು ಆರು ಸೆಮಿಟೋನ್ (ಅರ್ಧ ಸ್ವರ) ಮೇಲೆ ಹಾಕಿದರೆ ಮುಗಿಯಿತು. ಆಡಿಯೋವನ್ನು ಅಷ್ಟು ಎತ್ತಿದರೆ ತಂಬೂರಿ ಸೊಳ್ಳೆಯ ಹಾಗೆ ಕೇಳುತ್ತದೆ. ರಾಗದಲ್ಲಿ ಒಂದು ಸ್ವರ ತಪ್ಪಿದ್ದರೂ ಅಷ್ಟೆ: ಮಿಡಿಯಲ್ಲಿ ಆ ಒಂದನ್ನು ಎಳೆದು ಸರಿಮಾಡಬಹುದು, ಆಡಿಯೋದಲ್ಲಿ ಇಡೀ ತುಂಡನ್ನೇ ಬಿಸಾಡಬೇಕು.

ಹಾಗಾದರೆ ಸುನೋದಂಥವು ಯಾವುದಕ್ಕೂ ಬೇಡವೇ? ಡೆಮೋಗೆ ಆಗುತ್ತದೆ. ಸಮಿತಿಯವರಿಗೆ ‘ಹೀಗೊಂದು ಬಗೆ, ಹಾಗೊಂದು ಬಗೆ, ಯಾವುದು ಬೇಕು’ ಎಂದು ಎರಡು ಮಾದರಿ ಕೇಳಿಸಲು ಅದಕ್ಕಿಂತ ಬೇಗದ ದಾರಿಯಿಲ್ಲ. ಕನ್ನಡ ಸಾಹಿತ್ಯ ಕೊಟ್ಟರೂ ಹಾಡುತ್ತದೆ, ಆದರೆ ಳಕಾರ, ಣಕಾರ, ಒತ್ತಕ್ಷರಗಳಲ್ಲಿ ಆಗಾಗ ಎಡವುತ್ತದೆ. ಭಜನೆ ಕೇಳುವ ಹಿರಿಯರ ಕಿವಿಗೆ ಅದು ಬಿದ್ದರೆ ಹಾಡಿನ ಉಳಿದ ಗುಣವೆಲ್ಲ ನೀರಿಗೆ ಹೋದ ಹಾಗೆ.

ಕಾರ್ಡು ಮೊದಲೋ ಟ್ಯೂನು ಮೊದಲೋ

ಈ ಸಾಫ್ಟ್‌ವೇರ್‌ಗಳಲ್ಲಿ ಬಹುಪಾಲು ಕಾರ್ಡಿನಿಂದ, ಅಂದರೆ ಒಟ್ಟಿಗೆ ನುಡಿಸುವ ಮೂರ್ನಾಲ್ಕು ಸ್ವರಗಳ ಗೊಂಚಲಿನಿಂದ, ಶುರುಮಾಡುತ್ತವೆ. ಮೊದಲು ನಾಲ್ಕು ಕಾರ್ಡಿನ ಸಾಲು, ಅದರ ಮೇಲೆ ಆ ಕಾರ್ಡುಗಳೊಳಗಿನ ಸ್ವರಗಳನ್ನು ಆರಿಸಿ ಮೆಲೊಡಿ. ಪಾಪ್, ಹೌಸ್ ಸಂಗೀತ ಹುಟ್ಟುವುದು ಹಾಗೆಯೇ, ಆದ್ದರಿಂದ ಅವರ ಮಟ್ಟಿಗೆ ಸರಿ. ನಮ್ಮಲ್ಲಿ ಬರುವ ಹಾಡು ತಿರುಗುಮುರುಗು: ಟ್ಯೂನು ಕೈಯಲ್ಲಿದೆ, ಅದಕ್ಕೆ ಒಪ್ಪುವ ಕಾರ್ಡು ಬೇಕು. ಸಾಫ್ಟ್‌ವೇರ್ ಆರಿಸುವಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದೇ. ಬೆಲೆಯ ಪ್ರಶ್ನೆ ಆಮೇಲೆ.

ಕ್ಯಾಪ್ಟನ್ ಪ್ಲಗಿನ್ಸ್ ಅಪ್ಪಟ ಕಾರ್ಡು-ಮೊದಲು ಮನೆತನದ್ದು. ಕ್ಯಾಪ್ಟನ್ ಕಾರ್ಡ್ಸ್‌ನಲ್ಲಿ ಶ್ರುತಿ, ಸ್ಕೇಲು (ಬಳಸಬೇಕಾದ ಸ್ವರಗಳ ಗುಂಪು), ಕಾರ್ಡು ಕೂರಿಸಿದರೆ ಮೆಲೊಡಿಯದ್ದು, ಬೇಸಿನದ್ದು ಎಲ್ಲ ಅದನ್ನೇ ಹಿಂಬಾಲಿಸುತ್ತವೆ. ಕಲೋತ್ಸವದ ಸಿನಿಮಾ ಧಾಟಿಯ ನೃತ್ಯದ ಟ್ರ್ಯಾಕಿಗೆ, ರೀಲ್ಸ್‌ನ ಕುಣಿತದ ಹಾಡಿಗೆ ಚೆನ್ನಾಗಿ ಒದಗುತ್ತದೆ. ದೇವರನಾಮಕ್ಕೆ ಅದನ್ನು ತಂದರೆ ನೀವೇ ಅದರ ಹಿಂದೆ ಓಡಬೇಕಾಗುತ್ತದೆ.

ಸ್ಕೇಲರ್ ಎರಡೂ ಕಡೆಯಿಂದ ನಡೆಯುತ್ತದೆ. ನಿಮ್ಮ ಟ್ಯೂನಿನ ಮಿಡಿಯನ್ನೋ ಹಾಡಿದ ಆಡಿಯೋವನ್ನೋ ಅದಕ್ಕೆ ಕೊಟ್ಟರೆ ‘ಇದು ಇಂಥ ಸ್ಕೇಲುಗಳಿಗೆ ಸೇರುತ್ತದೆ’ ಎಂದು ಪಟ್ಟಿ ಕೊಡುತ್ತದೆ, ಆ ಸ್ಕೇಲಿನೊಳಗೆ ಕೂರುವ ಕಾರ್ಡುಗಳನ್ನು ತೋರಿಸುತ್ತದೆ. ಬೇಕಾದ್ದನ್ನು ಆಯ್ದು, ಆರ್ಪೆಜಿಯೋ (ಕಾರ್ಡಿನ ಸ್ವರಗಳನ್ನು ಒಂದೊಂದಾಗಿ ಬಿಡಿಸಿ ನುಡಿಸುವುದು), ಬೇಸ್‌ಲೈನ್, ಸಣ್ಣ ಸಣ್ಣ ಫ್ರೇಸುಗಳಾಗಿ ನುಡಿಸಿ ನೋಡಿ, ಹಿಡಿಸಿದರೆ ಮಿಡಿಯನ್ನು ಟ್ರ್ಯಾಕಿಗೆ ಎಳೆದು ಹಾಕಬಹುದು. ಹಾಡಿನ ಜ್ಞಾನ ಇದ್ದು ಕಾರ್ಡಿನ ಜ್ಞಾನ ಕಡಿಮೆ ಇರುವವರು ನಮ್ಮಲ್ಲಿ ಬಹಳ. ಶಾಸ್ತ್ರೀಯ ಕಲಿತವರು, ಹಾರ್ಮೋನಿಯಂ ನುಡಿಸುವವರು ಎಲ್ಲ ಆ ಪೈಕಿ. ಅಂಥವರು ದುಡ್ಡು ಕೊಟ್ಟು ಒಂದನ್ನು ಕೊಳ್ಳುವುದಾದರೆ ಇದನ್ನೇ ಕೊಳ್ಳಬೇಕು ಎಂದು ನನ್ನ ಅಭಿಪ್ರಾಯ. ನವೆಂಬರ್ ಕೊನೆಯ ಬ್ಲ್ಯಾಕ್ ಫ್ರೈಡೇ ಹೊತ್ತಿಗೆ ಪ್ಲಗಿನ್‌ಗಳ ಬೆಲೆ ಇಳಿಯುವುದು ವಾಡಿಕೆ; ಅಲ್ಲಿಯವರೆಗೆ ಟ್ರಯಲ್‌ನಲ್ಲಿ ಪಳಗಿ.

ಈಗಾಗಲೇ ಕೈಯಲ್ಲಿರುವುದು

ಎಫ್‌ಎಲ್ ಸ್ಟುಡಿಯೋ ಇಟ್ಟುಕೊಂಡು, ಮೆಲೊಡಿ ಪ್ಲಗಿನ್ ಯಾವುದು ಒಳ್ಳೆಯದು ಎಂದು ಹುಡುಕುವವರು ಎಷ್ಟೋ ಮಂದಿ. ಅದರಲ್ಲಿ ಸ್ವರ ಬರೆಯುವ ಜಾಗವಾದ ಪಿಯಾನೋ ರೋಲ್ ತೆರೆದು ಆಲ್ಟ್ ಮತ್ತು ಇ ಒತ್ತಿ ನೋಡಿದ್ದೀರಾ? ರಿಫ್ ಮಶಿನ್ ಅಲ್ಲೇ ಇದೆ. ಕಾರ್ಡಿನ ಸಾಲು, ಆರ್ಪೆಜಿಯೋ, ತಲೆಕೆಳಗು ಮಾಡುವುದು, ಜೋರು ಮೆತ್ತಗೆಯ ಏರಿಳಿತ, ಸ್ವರದ ಉದ್ದ, ಗ್ರೂವ್, ಕೊನೆಗೆ ಎಲ್ಲವನ್ನೂ ಬೇಕಾದ ಎತ್ತರದ ಒಳಗೆ ತರುವುದು, ಹೀಗೆ ಹಂತ ಹಂತವಾಗಿ ಕೆಲಸ ಮಾಡುತ್ತದೆ. ಪ್ರತಿ ಹಂತವನ್ನೂ ಬೇಕೆಂದರೆ ಇಟ್ಟು ಬೇಡವೆಂದರೆ ಮುಚ್ಚಬಹುದು. ದಾಳ ಎಸೆಯುವ ಗುಂಡಿ ಒತ್ತಿದರೆ ಎಲ್ಲವೂ ಯದ್ವಾತದ್ವಾ ಬದಲಾಗಿ ಹೊಸದೊಂದು ಬರುತ್ತದೆ.

ದಾಳದ ಗುಂಡಿಯಲ್ಲೇ ಸಂಜೆ ಕಳೆಯುವುದು ಸುಲಭ, ಪ್ರಯೋಜನ ಕಡಿಮೆ. ಇದರ ನಿಜವಾದ ಉಪಯೋಗ ಇರುವುದು ಈಗಾಗಲೇ ಬರೆದ ಸ್ವರಗಳ ಮೇಲೆ ಕೆಲಸ ಮಾಡಿಸುವ ಆಯ್ಕೆಯಲ್ಲಿ. ಪಲ್ಲವಿಯ ಕೊನೆಯ ಸಾಲನ್ನು ಪಿಯಾನೋ ರೋಲ್‌ಗೆ ಹಾಕಿ. ಕಾರ್ಡು, ಪ್ರೊಗ್ರೆಶನ್ ಹಂತಗಳನ್ನು ಮುಚ್ಚಿ. ಮಿರರ್ (ತಲೆಕೆಳಗು ಮಾಡುವುದು), ಆರ್ಟಿಕ್ಯುಲೇಶನ್ (ಸ್ವರದ ಉದ್ದ), ಗ್ರೂವ್ (ಲಯದ ತೂಗಾಟ) ಮಾತ್ರ ತೆರೆದಿಡಿ. ಹೊರಬರುವುದು ನಿಮ್ಮ ಪಲ್ಲವಿಯ ನೆಂಟನ ಹಾಗಿರುತ್ತದೆ, ಬೇರೆ ಊರಿನಿಂದ ಬಂದ ಅಪರಿಚಿತನ ಹಾಗಲ್ಲ. ಇಂಟರ್‌ಲ್ಯೂಡಿಗೆ ಬೇಕಾದ್ದು ಆ ಗುಣವೇ. ತಲೆಕೆಳಗು ಮಾಡಿದಾಗ ರಾಗದಿಂದ ಹೊರಗೆ ಬಿದ್ದ ಸ್ವರಗಳನ್ನು ಕೈಯಿಂದ ಒಳಗೆ ಎಳೆಯಬೇಕು.

ಎಫ್‌ಎಲ್ ಸ್ಟುಡಿಯೋವನ್ನು ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳೆಲ್ಲ ಉಚಿತ. ಟ್ರಯಲ್‌ನಲ್ಲಿ ಎಲ್ಲ ಕೆಲಸ ಮಾಡಬಹುದು, ಆಡಿಯೋ ಹೊರತೆಗೆಯಲೂಬಹುದು, ಉಳಿಸಿದ ಪ್ರಾಜೆಕ್ಟನ್ನು ಮತ್ತೆ ತೆರೆಯಲು ಮಾತ್ರ ಆಗುವುದಿಲ್ಲ. ಆದ್ದರಿಂದ ಟ್ರಯಲ್‌ನಲ್ಲಿರುವಾಗ ಕೆಲಸ ಮುಗಿಸಿಯೇ ಏಳಬೇಕು. ಮಳೆಗಾಲದಲ್ಲಿ ಕರೆಂಟು ಹೋಗುವ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಏಬಲ್ಟನ್ ಲೈವ್‌ಗೆ 2024ರಲ್ಲಿ ಬಂದ 12ನೇ ಆವೃತ್ತಿ ಈ ವಿಷಯದಲ್ಲಿ ಇನ್ನೂ ಜಾಣ. ಅದರಲ್ಲಿರುವ ಶೇಪ್ ಎನ್ನುವ ಜನರೇಟರ್‌ನಲ್ಲಿ ಮೆಲೊಡಿ ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಎಂದು ಗೆರೆ ಎಳೆದರೆ ಸಾಕು, ಆರಿಸಿದ ಸ್ಕೇಲಿನ ಸ್ವರಗಳು ಆ ಗೆರೆಯಲ್ಲಿ ಕೂರುತ್ತವೆ. ಸೀಡ್ ಎನ್ನುವುದು ನೀವು ಹಾಕಿದ ಮಿತಿಯೊಳಗೆ ಸ್ವರ ಚೆಲ್ಲುತ್ತದೆ. ನನಗೆ ಹೆಚ್ಚು ಹಿಡಿಸಿದ್ದು ಯೂಕ್ಲಿಡಿಯನ್ ಎನ್ನುವುದು. ಇಷ್ಟು ಮಾತ್ರೆಗಳಲ್ಲಿ ಇಷ್ಟು ಪೆಟ್ಟುಗಳನ್ನು ಆದಷ್ಟು ಸಮನಾಗಿ ಹಂಚು ಎಂದರೆ ಹಂಚಿಕೊಡುತ್ತದೆ. ಏಳರಲ್ಲಿ ಮೂರು ಕೇಳಿ: ಎರಡು, ಎರಡು, ಮೂರು ಎಂದು ಬರುತ್ತದೆ. ಸ್ವಲ್ಪ ತಿರುಗಿಸಿದರೆ ಮೂರು, ಎರಡು, ಎರಡು, ಮಿಶ್ರಛಾಪಿನ ನಡೆ. ಯಕ್ಷಗಾನದ ತ್ರಿವುಡೆಗೂ ಏಳೇ ಅಕ್ಷರ. ಪಾಶ್ಚಾತ್ಯ ಮನಸ್ಸಿನಿಂದ ಬಂದ ಸಾಧನಗಳಲ್ಲಿ ನಮ್ಮ ತಾಳಕ್ಕೆ ಇಷ್ಟು ಸಲೀಸಾಗಿ ಬಗ್ಗುವುದು ಕಡಿಮೆ. ಲೈವ್‌ನ ಪೂರ್ತಿ ಆವೃತ್ತಿ ದುಬಾರಿ ಎನ್ನುವುದೇ ಅಡ್ಡಿ. ಇದಕ್ಕಾಗಿಯೇ ಎಫ್‌ಎಲ್ ಬಿಟ್ಟು ಬರಬೇಕೆಂದು ನಾನು ಹೇಳಲಾರೆ.

ಮ್ಯಾಕ್ ಇದ್ದವರಿಗೆ ಲಾಜಿಕ್ ಪ್ರೋದಲ್ಲಿ ಬೇಸು, ಕೀಬೋರ್ಡು ನುಡಿಸುವ ಸೆಶನ್ ಪ್ಲೇಯರ್‌ಗಳು 2024ರಿಂದ ಇವೆ. ಕಾರ್ಡು ಕೊಟ್ಟರೆ ಹಿಂದೆ ನುಡಿಸುತ್ತವೆ. ಕಾರ್ಡಿನ ಹಾಡಿಗೆ ಸೊಗಸು.

ದುಡ್ಡು ಹಾಕದೆ

ಮಜೆಂಟಾ ಸ್ಟುಡಿಯೋ ಉಚಿತ, ಇಳಿಸಿಕೊಂಡ ಮೇಲೆ ಇಂಟರ್‌ನೆಟ್ಟೂ ಬೇಡ. ಮುಂದುವರಿಸು ಎನ್ನುವ ಉಪಕರಣಕ್ಕೆ ನಿಮ್ಮ ಟ್ಯೂನಿನ ಮಿಡಿ ಫೈಲು ಕೊಟ್ಟರೆ ಅದೇ ಧಾಟಿಯಲ್ಲಿ ಮುಂದಿನದನ್ನು ಬರೆಯುತ್ತದೆ. ಎರಡು ಮೆಲೊಡಿ ಕೊಟ್ಟರೆ ಒಂದರಿಂದ ಇನ್ನೊಂದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹೋಗುವ ನಡುವಿನ ರೂಪಗಳನ್ನು ಕೊಡುವ ಇನ್ನೊಂದು ಉಪಕರಣವಿದೆ. ಪಲ್ಲವಿಯನ್ನೂ ಚರಣವನ್ನೂ ಕೊಟ್ಟು ಇಂಟರ್‌ಲ್ಯೂಡು ಕೇಳಲು ಇದಕ್ಕಿಂತ ಸೂಕ್ತ ಇನ್ನೊಂದಿಲ್ಲ. ಟೆಂಪರೇಚರ್ ಎಂಬ ಸ್ಲೈಡರನ್ನು ಕೆಳಗಿಟ್ಟರೆ ಸಪ್ಪೆಯಾಗಿ ಅಚ್ಚುಕಟ್ಟು, ಮೇಲೇರಿಸಿದರೆ ಹುಚ್ಚುಹುಚ್ಚು. ತೊಂದರೆ ಏನೆಂದರೆ ಅದು ಕಲಿತದ್ದು ನಾಲ್ಕರ ಲೆಕ್ಕದಲ್ಲಿ. ಆದಿತಾಳಕ್ಕೆ ಅಡ್ಡಿಯಿಲ್ಲ, ಏಳರದ್ದಕ್ಕೆ, ಐದರದ್ದಕ್ಕೆ ನೀವೇ ಕತ್ತರಿಸಿ ಜೋಡಿಸಬೇಕು.

ಸ್ಪಾಟಿಫೈಯವರು 2022ರಲ್ಲಿ ಬಿಟ್ಟ ಬೇಸಿಕ್ ಪಿಚ್ ಮೆಲೊಡಿ ಹುಟ್ಟಿಸುವ ಸಾಧನ ಅಲ್ಲ. ಆದರೂ ಈ ಹೋಲಿಕೆಯಲ್ಲಿ ಅದಕ್ಕೆ ಎತ್ತರದ ಮಣೆ ಹಾಕುತ್ತೇನೆ. ಬ್ರೌಸರ್‌ನಲ್ಲೇ ನಡೆಯುತ್ತದೆ, ಉಚಿತ. ಫೋನಿನಲ್ಲಿ ಗುನುಗಿದ ರೆಕಾರ್ಡಿಂಗ್ ಕೊಟ್ಟರೆ ಮಿಡಿ ಮಾಡಿಕೊಡುತ್ತದೆ, ಸ್ವರ ಜಾರುವುದನ್ನೂ ಪಿಚ್ ಬೆಂಡ್ ಆಗಿ ಹಿಡಿಯುತ್ತದೆ. ಹಾಡುವವರು ವಾಟ್ಸ್ಆ್ಯಪಿನಲ್ಲಿ ಕಳಿಸಿದ ಪಲ್ಲವಿ ಹೀಗೆ ಮಿಡಿಯಾದರೆ ಮಜೆಂಟಾಕ್ಕೂ ಸ್ಕೇಲರ್‌ಗೂ ರಿಫ್ ಮಶಿನ್‌ಗೂ ಅದೇ ಬೀಜ. ಹಿನ್ನೆಲೆಯಲ್ಲಿ ಫ್ಯಾನು, ಮಳೆ, ತಂಬೂರಿ ಇಲ್ಲದ ರೆಕಾರ್ಡಿಂಗ್ ಕೇಳಿ ತರಿಸಿ. ಎಫ್‌ಎಲ್‌ನ ಎಡಿಸನ್ ಎಂಬ ಆಡಿಯೋ ತಿದ್ದುವ ಸಾಧನದಲ್ಲಿ, ಏಬಲ್ಟನ್‌ನಲ್ಲಿ ಇದೇ ಕೆಲಸ ಮಾಡುವ ಆಯ್ಕೆಗಳಿವೆ.

ಫೋನು ಮಾತ್ರ ಇದ್ದವರಿಗೆ ಬ್ಯಾಂಡ್‌ಲ್ಯಾಬ್. ಅದರ ಸಾಂಗ್‌ಸ್ಟಾರ್ಟರ್ ಒಂದು ಶೈಲಿ ಆರಿಸಿದರೆ ಸಣ್ಣ ಐಡಿಯಾಗಳನ್ನು ಮುಂದಿಡುತ್ತದೆ. ಕಲಿಯುವ ಮಕ್ಕಳಿಗೆ ಚೆನ್ನ.

ರಾಗ ಎಲ್ಲಿಯವರೆಗೆ

ಪಟ್ಟಿಯಲ್ಲಿ ರಾಗದ ಹೆಸರು ಕಾಣದಿದ್ದರೆ ಹೆದರಬೇಕಾಗಿಲ್ಲ, ಬೇರೆ ಹೆಸರಿನಲ್ಲಿ ಬಹಳಷ್ಟು ಕೂತಿವೆ. ಮೇಜರ್ ಎಂದರೆ ಶಂಕರಾಭರಣದ ಸ್ವರಗಳು, ಲಿಡಿಯನ್ ಕಲ್ಯಾಣಿ, ಮಿಕ್ಸೊಲಿಡಿಯನ್ ಹರಿಕಾಂಭೋಜಿ, ಡೋರಿಯನ್ ಖರಹರಪ್ರಿಯ, ನ್ಯಾಚುರಲ್ ಮೈನರ್ ನಟಭೈರವಿ, ಫ್ರಿಜಿಯನ್ ತೋಡಿ. ಡಬಲ್ ಹಾರ್ಮೋನಿಕ್ ಆರಿಸಿದರೆ ಮಾಯಾಮಾಳವಗೌಳ. ಮೇಜರ್ ಪೆಂಟಾಟೋನಿಕ್ ಮೋಹನದ ಐದು ಸ್ವರ. ಈಜಿಪ್ಶಿಯನ್ ಎಂಬ ಹೆಸರಿನಲ್ಲಿ ಇರುವುದು ಮಧ್ಯಮಾವತಿಯದು. ಹಂಸಧ್ವನಿ ಸಿಗದಿದ್ದರೆ ಮೇಜರ್ ಇಟ್ಟುಕೊಂಡು ಮಧ್ಯಮ, ಧೈವತ ತೆಗೆದುಹಾಕಿ.

ಇಷ್ಟು ಮಾಡಿದರೂ ಬರುವುದು ಸ್ವರಗಳು ಮಾತ್ರ. ಬಿಲಹರಿ ತೆಗೆದುಕೊಳ್ಳಿ: ಏರುವಾಗ ಸ ರಿ ಗ ಪ ದ ಸ, ಇಳಿಯುವಾಗ ಏಳೂ ಸ್ವರ. ಕೇದಾರಗೌಳ ಏರುವಾಗ ಸ ರಿ ಮ ಪ ನಿ ಸ, ಇಳಿಯುವಾಗ ಧೈವತವೂ ಗಾಂಧಾರವೂ ಸೇರಿಕೊಳ್ಳುತ್ತವೆ. ಸ್ಕೇಲು ಎಂದರೆ ಈ ಯಂತ್ರಗಳಿಗೆ ಸ್ವರಗಳ ಒಂದು ಗುಂಪು. ಏರುವಾಗ ಒಂದು ಇಳಿಯುವಾಗ ಇನ್ನೊಂದು ಎಂಬ ಕಟ್ಟಳೆ ಅವುಗಳ ಲೆಕ್ಕದಲ್ಲಿ ಬರುವುದಿಲ್ಲ. ಏಳೂ ಸ್ವರ ಕೊಟ್ಟರೆ ಬಿಲಹರಿಯಲ್ಲಿ ಏರುವಾಗಲೂ ಮಧ್ಯಮ ಹಿಡಿಯುತ್ತದೆ, ಐದೇ ಕೊಟ್ಟರೆ ಮೋಹನವಾಗಿ ಕೂರುತ್ತದೆ. ನಾನು ಮಾಡುವುದು ಹೀಗೆ: ಏರುವ ತುಂಡುಗಳನ್ನು ಐದು ಸ್ವರದಲ್ಲಿ ಬೇರೆ ಮಾಡಿಸಿ, ಇಳಿಯುವವನ್ನು ಏಳು ಸ್ವರದಲ್ಲಿ ಬೇರೆ ಮಾಡಿಸಿ, ಎರಡನ್ನೂ ಕೈಯಲ್ಲಿ ಪೋಣಿಸುವುದು. ಆನಂದಭೈರವಿಯಂಥ ವಕ್ರ ಸಂಚಾರದ ರಾಗಕ್ಕೆ ಅದೂ ನಡೆಯದು. ಅಲ್ಲಿ ಬೇಸು, ಪ್ಯಾಡು (ಹಿಂದೆ ಎಳೆದು ನಿಲ್ಲುವ ಮೆತ್ತನೆಯ ಸ್ವರಗಳು) ಮಾತ್ರ ಯಂತ್ರಕ್ಕೆ ಕೊಟ್ಟು ಕೊಳಲೋ ಪಿಟೀಲೋ ನುಡಿಸುವವರನ್ನು ಕರೆಸುವುದೇ ಲೇಸು.

ಗಮಕದ್ದು ಬೇರೆಯೇ ಕತೆ. ಮಿಡಿಯ ಸ್ವರ ನೆಟ್ಟ ಕಂಬದ ಹಾಗೆ ನೇರ. ಅಲುಗಾಡಿಸಬೇಕಾದರೆ ಪಿಚ್ ಬೆಂಡ್ ಬರೆಯಬೇಕು. ಅದರ ವ್ಯಾಪ್ತಿ ಸಾಮಾನ್ಯವಾಗಿ ಮೇಲೆ ಎರಡು ಸೆಮಿಟೋನ್, ಕೆಳಗೆ ಎರಡು ಎಂದಿರುತ್ತದೆ. ಷಡ್ಜದಿಂದ ಪಂಚಮಕ್ಕೆ ಜಾರು ಬೇಕಾದರೆ ಹನ್ನೆರಡಕ್ಕೆ ಏರಿಸಿ, ವಾದ್ಯದ ಪ್ಲಗಿನ್‌ನಲ್ಲೂ ಅದೇ ಸಂಖ್ಯೆ ಇಡಿ. ಎರಡೂ ಹೊಂದದಿದ್ದರೆ ಅಪಸ್ವರ ಖಂಡಿತ. ಎಫ್‌ಎಲ್‌ನ ಸ್ಲೈಡ್ ನೋಟ್ ಅದರ ಸ್ವಂತ ವಾದ್ಯಗಳಿಗೆ ಸಲ್ಲುತ್ತದೆ, ಹೊರಗಿನ ಪ್ಲಗಿನ್‌ಗೆ ಸಲ್ಲದು. ಈ ತಲೆಬಿಸಿ ಬೇಡದವರು ಸ್ವರ್‌ಪ್ಲಗ್ ನೋಡಬಹುದು. ಸಿತಾರ್, ಬಾನ್ಸುರಿ, ತಬಲಾದಂಥ ನಮ್ಮ ವಾದ್ಯಗಳ ಧ್ವನಿಯ ಜೊತೆಗೆ ಆಯಾ ವಾದ್ಯದ ನುಡಿಸುವ ರೀತಿಯ ಮಿಡಿ ಲೂಪುಗಳೂ ಬರುತ್ತವೆ. ಚೆಂಡೆ, ಮದ್ದಳೆ ಬೇಕಾದರೆ ಮಾತ್ರ ಮೈಕ್ ಹಿಡಿದು ಹೋಗಿ. ತೆಂಕುತಿಟ್ಟಿನ ಚೆಂಡೆ ನುಡಿಸುವ ಹುಡುಗರು ಕಾಸರಗೋಡಿನ ಶಾಲೆ ಶಾಲೆಯಲ್ಲಿದ್ದಾರೆ. ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆಯಾಗಿರುವುದರ ಪುಣ್ಯ. ಅವರನ್ನು ಬಿಟ್ಟು ಸ್ಯಾಂಪಲ್ ಹುಡುಕುವುದು ಹುಚ್ಚು.

ಹಾಡು ಯಾರ ಹೆಸರಿಗೆ

ಸುನೋದ ಉಚಿತ ಖಾತೆಯಲ್ಲಿ ಮಾಡಿದ್ದನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ಆ ಹಕ್ಕು ಚಂದಾ ಕಟ್ಟಿದವರಿಗೆ. ಎಐವಾ ಎಂಬ ಸಾಧನ ಮಿಡಿಯನ್ನೂ ಕೊಡುತ್ತದೆ, ಆದರೆ ಕೃತಿಯ ಹಕ್ಕು ಪೂರ್ತಿ ನಿಮ್ಮದಾಗುವುದು ಅದರ ಪ್ರೋ ಯೋಜನೆಯಲ್ಲಿ. ಸುನೋ, ಯುಡಿಯೋ ಎರಡರ ಮೇಲೂ ಅಮೆರಿಕದ ದೊಡ್ಡ ರೆಕಾರ್ಡ್ ಕಂಪನಿಗಳು 2024ರ ಜೂನ್‌ನಲ್ಲಿ ದಾವೆ ಹೂಡಿದವು, ಕೆಲವು ಆಮೇಲೆ ರಾಜಿಯಾದವು, ಬಳಕೆಯ ನಿಯಮಗಳು ಇನ್ನೂ ಬದಲಾಗುತ್ತಲೇ ಇವೆ. ದೇವಸ್ಥಾನದ ಸಮಿತಿ ಹತ್ತು ವರ್ಷ ಹಾಕಬೇಕೆಂದಿರುವ ಹಾಡನ್ನು ಆ ಅಡಿಪಾಯದ ಮೇಲೆ ಕಟ್ಟಲು ನಾನು ಹೇಳುವುದಿಲ್ಲ.

ನಮ್ಮ ಕಾಯಿದೆ ಈ ವಿಷಯದಲ್ಲಿ ಸ್ವಲ್ಪ ಮುಂದಾಲೋಚನೆ ಮಾಡಿತ್ತು. 1957ರ ಹಕ್ಕುಸ್ವಾಮ್ಯ ಕಾಯಿದೆಯಲ್ಲಿ ಕಂಪ್ಯೂಟರ್ ಹುಟ್ಟಿಸಿದ ಸಂಗೀತ ಕೃತಿಗೆ ಅದು ಹುಟ್ಟಲು ಕಾರಣನಾದ ವ್ಯಕ್ತಿಯೇ ಕರ್ತೃ ಎಂಬ ಮಾತಿದೆ. ಅಮೆರಿಕದ ಹಕ್ಕುಸ್ವಾಮ್ಯ ಕಚೇರಿ 2025ರಲ್ಲಿ ಹೇಳಿದ್ದು ಬೇರೆ: ಬರೀ ಪ್ರಾಂಪ್ಟ್ (ಟೈಪ್ ಮಾಡಿದ ಸೂಚನೆ) ಕೊಟ್ಟದ್ದು ಕರ್ತೃತ್ವಕ್ಕೆ ಸಾಲದು, ಮನುಷ್ಯನ ಕೈಚಳಕ ಕಾಣಬೇಕು. ಮಿಡಿ ಪಡೆದು ನೀವೇ ತಿದ್ದಿ, ಜೋಡಿಸಿ, ಗಮಕ ಬರೆದದ್ದಾದರೆ ಎರಡು ಕಡೆಯೂ ಗಟ್ಟಿ. ಎಲ್ಲರಿಗೂ ಸಿಗುವ ಲೂಪನ್ನು ಹಾಗೆಯೇ ಹಾಕಿದ ಹಾಡನ್ನು ಯೂಟ್ಯೂಬ್‌ನಲ್ಲಿ ಹಾಡಿನ ಮಾಲೀಕರನ್ನು ಗುರುತಿಸುವ ವ್ಯವಸ್ಥೆಯಾದ ಕಂಟೆಂಟ್ ಐಡಿಗೆ ಕೊಡಲು ಹೋಗಬೇಡಿ, ನಿಮ್ಮೊಬ್ಬರದೇ ಆದದ್ದಕ್ಕೆ ಮಾತ್ರ ಅಲ್ಲಿ ಜಾಗ.

ಸಾಹಿತ್ಯದ್ದೂ ನೋಡಿಕೊಳ್ಳಿ. ಮಂಜೇಶ್ವರ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಕವಿ ತೀರಿದ ಮರುವರ್ಷದಿಂದ ಅರವತ್ತು ವರ್ಷ ಎಂಬ ಲೆಕ್ಕದಲ್ಲಿ, ಅವರು ಬದುಕಿದ್ದಾಗ ಅಚ್ಚಾದ ಕವಿತೆಗಳು 2024ರಿಂದ ಯಾರಾದರೂ ರಾಗ ಹಾಕಬಹುದಾದಂಥವು. ಕಯ್ಯಾರ ಕಿಞ್ಞಣ್ಣ ರೈಗಳು ತೀರಿದ್ದು 2015ರಲ್ಲಿ. ಅವರ ಕವಿತೆಗೆ ಮನೆಯವರ ಒಪ್ಪಿಗೆ ಬರವಣಿಗೆಯಲ್ಲಿ ತೆಗೆದುಕೊಂಡೇ ಮುಂದುವರಿಯಬೇಕು. ಆ ಒಪ್ಪಿಗೆ ಪತ್ರವನ್ನೂ, ಯಂತ್ರ ಕೊಟ್ಟ ಮೂಲ ಮಿಡಿಯನ್ನೂ, ನೀವು ತಿದ್ದಿದ ಪ್ರಾಜೆಕ್ಟ್ ಫೈಲನ್ನೂ ಒಂದೇ ಫೋಲ್ಡರಿನಲ್ಲಿ ಇಟ್ಟು, ಅದರ ಒಂದು ಪ್ರತಿಯನ್ನು ಬೇರೆ ಡಿಸ್ಕಿಗೂ ಹಾಕಿಡಿ.